ಸೋಡಚೀಟಿಯಲ್ಲಿಲ್ಲದ ಹೆಸರು

ಒಂದು ಕಾಗದವನ್ನು ಬರೆದುಕೊಟ್ಟು ನಾವು ಬಹುಕಾಲ ಪಶ್ಚಾತ್ತಾಪಪಟ್ಟೆವು. ಆ ಸಂಗತಿಯನ್ನು ನಮ್ಮ ಸಹೋಪಾಧ್ಯಾಯರ ಮುಂದೆಯೂ ದೊಡ್ಡ ತರಗತಿಗಳ ವಿದ್ಯಾರ್ಥಿಗಳ ಮುಂದೆಯೂ ಇಡುವುದು ಉಚಿತವೆಂದು ತೋರಿದೆ.

ಜಹೀರಾಬಾದ, ನಾರಾಯಣಖೇಡಗಳು 1956ರ ನವೆಂಬರ 1ರ ವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾಯಿತು, ಬೀಗತನ ಬದಲಾಗಲಿಲ್ಲ. ಇಂದು ತೆಲಂಗಾಣದಲ್ಲಿರುವ ಈ ಸೀಮೆಯಿಂದ ಬೀದರ, ಔರಾದ, ಚಿಂಚೋಳಿ, ಸೇಡಂಗಳ ಕಡೆಗೆ ಹೆಣ್ಣು ಕೊಡುವುದೂ ತರುವುದೂ ನಡೆದೇ ಇದೆ. ಸಂಸಾರ ನೆಟ್ಟಗಿದ್ದಾಗ ಗಡಿ ಯಾರ ಕಣ್ಣಿಗೂ ಬೀಳದು. ಅದು ಮುರಿದಾಗಲೇ ಯಾವ ರಾಜ್ಯದ ಕೋರ್ಟು, ಯಾವ ಭಾಷೆಯ ಕಾಗದ ಎಂಬ ಪ್ರಶ್ನೆ ಏಳುತ್ತದೆ.

ನಾರಾಯಣಖೇಡದ ಕಡೆಯ ಹಳ್ಳಿಯೊಂದರಲ್ಲಿ ನಾವು ಕನ್ನಡ ಶಾಲೆಯ ಮಾಸ್ತರರಾಗಿದ್ದಾಗ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿದರು. ಔರಾದದ ಕಡೆಗೆ ಕೊಟ್ಟಿದ್ದ ಹೆಣ್ಣುಮಗಳು ತವರಿಗೆ ಬಂದು ವರ್ಷ ಕಳೆದಿತ್ತು. ಕೂಡಿ ಬಾಳುವುದು ಸಾಧ್ಯವಿಲ್ಲವೆಂದು ಉಭಯ ಪಕ್ಷದವರೂ ಒಪ್ಪಿದರು. ಅಕ್ಷರ ದುಂಡಗಿದೆಯೆಂದು ಸೋಡಚೀಟಿ ಬರೆಯಲು ನಮ್ಮನ್ನು ಕರೆದರು. ಬೆಳ್ಳಿಯ ಕಾಲುಂಗುರ, ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಹೀಗೆ ಒಂದೊಂದನ್ನೂ ಎಣಿಸಿ ಬರೆದೆವು. ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲವೆಂದು ಮುಗಿಸಿದೆವು. ನಮ್ಮ ಎರಡನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗ ಕಟ್ಟೆಯ ಕೆಳಗೆ ಗೋಲಿಯಾಡುತ್ತಿದ್ದನು. ಅವನ ಹೆಸರನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಎರಡು ವರ್ಷಗಳ ತರುವಾಯ ಹುಡುಗನ ತಂದೆ ಶಾಲೆಯ ಬಾಗಿಲಿಗೆ ಬಂದು, ಮಗನನ್ನು ಕರೆದೊಯ್ಯುವೆನೆಂದು ನಿಂತನು. ಅಲ್ಲಿಯ ವರೆಗೆ ಅವನು ಒಂದು ರೂಪಾಯಿಯನ್ನೂ ಕಳಿಸಿರಲಿಲ್ಲ. ಮುಖ್ಯೋಪಾಧ್ಯಾಯರು ತಾಯಿಗೆ ಹೇಳಿಕಳಿಸಿದರು. ಆಕೆ ಮಡಿಸಿಟ್ಟಿದ್ದ ಕಾಗದವನ್ನು ನಮ್ಮ ಮುಂದೆ ಹಿಡಿದು, "ಮಾಸ್ತರ್ರೇ, ನೀವೇ ಬರದೀರಿ. ಇದರಾಗ ನನ್ನ ಮಗನ ಹೆಸರು ಎಲ್ಲದ ರೀ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಕಿಕೊಂಡು ನಾವು ಆಕೆಯೊಡನೆ ಕಾನೂನು ಸೇವಾ ಸಮಿತಿಯ ವಕೀಲರಲ್ಲಿಗೆ ಹೋದೆವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ ಈ ನೆರವು ಉಚಿತ. ಅವರಿಂದ ತಿಳಿದುದು ಇಷ್ಟು. 1955ರ ಹಿಂದೂ ವಿವಾಹ ಕಾಯಿದೆಯು ರೂಢಿಯ ವಿಚ್ಛೇದನವನ್ನು ಅಳಿಸಿಲ್ಲ. ಆದರೆ ಅಂಥ ರೂಢಿ ತಮ್ಮಲ್ಲಿ ಉಂಟೆಂದು ಹೇಳುವವರು ಅದನ್ನು ಕೋರ್ಟಿನಲ್ಲಿ ಸಿದ್ಧಪಡಿಸಬೇಕು. ಗಂಡಹೆಂಡಿರು ತಮ್ಮೊಳಗೆ ಏನೇ ಒಪ್ಪಿಕೊಂಡರೂ ಮಗುವಿನ ಅನ್ನವನ್ನು ಬಿಟ್ಟುಕೊಡಲು ಅವರಿಗೆ ಅಧಿಕಾರವಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೆಯ ಕಲಮು ಅಪ್ರಾಪ್ತ ಮಕ್ಕಳನ್ನು ಸಲಹುವ ಹೊಣೆಯನ್ನು ತಂದೆತಾಯಿಗಳಿಬ್ಬರ ಮೇಲೂ ಹೊರಿಸಿದೆ.

ಎಲ್ಲ ಮತದವರಿಗೂ ಅನ್ವಯಿಸುವ ಜೀವನಾಂಶದ ನಿಯಮ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಇದರಂತೆ ತಾಯಿ ತಾನಿರುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ಗಡಿ ದಾಟಿ ಅಲೆಯಬೇಕಾಗಿಲ್ಲ. ಆಜ್ಞೆಯ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ತಂದೆ ಯಾವ ಊರಿನಲ್ಲಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟರು ಅದನ್ನು ಜಾರಿಗೆ ತರಬಲ್ಲರು.

ಇನ್ನು ಮಗು ಯಾರ ಬಳಿ ಇರಬೇಕೆಂಬುದು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯಿದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಎಲ್ಲಕ್ಕಿಂತ ಮಿಗಿಲಾದುದು ಮಗುವಿನ ಹಿತ. 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆಯು, ಮಗು ವಾಡಿಕೆಯಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿಯ ಕೋರ್ಟಿಗೆ ಅಧಿಕಾರ ಕೊಟ್ಟಿದೆ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ನ್ಯಾಯಾಧೀಶರು ಪರಿಗಣಿಸಬಹುದು.

ಇಲ್ಲಿಯೇ ನಮ್ಮ ಶಾಲೆಯ ಪಾತ್ರ ಉಂಟು. ಹುಡುಗ ಎಲ್ಲಿ ಬೆಳೆದನೆಂಬುದಕ್ಕೆ ನಮ್ಮ ದಾಖಲಾತಿ ಪುಸ್ತಕವೂ ಹಾಜರಿ ಪುಸ್ತಕವೂ ಆಧಾರವಾದವು. ನ್ಯಾಯಾಧೀಶರು ಕರೆದು ಮಾತನಾಡಿಸಿದಾಗ ಅವನು ಕನ್ನಡದಲ್ಲಿಯೇ ಉತ್ತರ ಹೇಳಿದನು. ಕನ್ನಡ ಬಲ್ಲ ವಕೀಲರೊಬ್ಬರು ಅದನ್ನು ತೆಲುಗಿನಲ್ಲಿ ತಿಳಿಸಿದರು. ಅವ್ವನ ಬಳಿ ಇರುವೆನೆಂದನು. ದೀಪಾವಳಿಗೆ ಅಪ್ಪನ ಊರಿನ ಅಜ್ಜಿಯನ್ನು ಕಾಣಬೇಕೆಂದೂ ಹೇಳಿದನು. ಎರಡನೆಯ ಮಾತನ್ನು ಅಂದಿನ ವರೆಗೆ ನಮ್ಮಲ್ಲಿ ಯಾರೂ ಅವನಿಂದ ಕೇಳಿರಲಿಲ್ಲ. ಎರಡಕ್ಕೂ ಅಪ್ಪಣೆಯಾಯಿತು. ತಿಂಗಳ ಹಣ ಕೆಲವೊಮ್ಮೆ ತಡವಾಗುವುದುಂಟು, ಆದರೆ ನಿಂತಿಲ್ಲ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಇಂಥ ಮಗು ನಿಮ್ಮ ತರಗತಿಯಲ್ಲಿದ್ದರೆ ತಂದೆಯನ್ನಾಗಲಿ ತಾಯಿಯನ್ನಾಗಲಿ ಅದರ ಮುಂದೆ ಹಳಿಯಬೇಡಿರಿ. ಹಾಜರಿಯನ್ನು ತಪ್ಪದೆ ಬರೆಯಿರಿ. ಹಿರಿಯರು ಕಾಗದ ಬರೆಯಲು ಕರೆದರೆ ಕೊಡ ಹಂಡೆಗಳನ್ನು ಎಣಿಸುವ ಮುನ್ನ ಮಕ್ಕಳು ಎಷ್ಟು ಮಂದಿ ಎಂದು ಕೇಳಿರಿ. ಮಕ್ಕಳ ಮಾತನ್ನು ಕೋರ್ಟಿನಲ್ಲಿಯೇ ತೀರ್ಮಾನಿಸಿಕೊಳ್ಳುವಂತೆ ಹೇಳಿರಿ. ನಾವು ಅಂದು ಕೇಳಲಿಲ್ಲ. ಆ ಹುಡುಗ ಈಗ ಏಳನೆಯ ತರಗತಿಯಲ್ಲಿದ್ದಾನೆ. ಅವನ ಅಕ್ಷರ ನಮ್ಮದಕ್ಕಿಂತ ದುಂಡಗಿದೆ.