ಒಂದು ವರ್ಷದ ಸಾಧನೆ: ವರದಿಯ ಪುಟ ಮತ್ತು ತಾಲೀಮು ಪುಸ್ತಕ

ಬಿ.ಎಡ್. ಸೇರುವ ಮೊದಲು ನಾನು ಎರಡು ವರ್ಷ ಒಂದು ವಿಶ್ವವಿದ್ಯಾಲಯದ ನಾಟಕ ಮತ್ತು ನೃತ್ಯ ವಿಭಾಗದಲ್ಲಿ ಸ್ನಾತಕೋತ್ತರ ಪದವಿಗೆ ಓದಿದೆ. ಎರಡನೆಯ ವರ್ಷವನ್ನು ಎಲ್ಲರೂ ವಿಭಾಗದ ಸಾಧನೆಯ ವರ್ಷವೆಂದೇ ಕರೆಯುತ್ತಿದ್ದರು. ವಿದ್ಯಾರ್ಥಿ ಪ್ರತಿನಿಧಿಯಾಗಿದ್ದ ಕಾರಣ ಆ ವರ್ಷದ ವರದಿಯ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಾಧನೆಯನ್ನು ಎಲ್ಲಿ ನೋಡಬೇಕು, ಹೇಗೆ ಬರೆದಿಡಬೇಕು ಎಂಬ ಬಗ್ಗೆ ಆಗ ಕಲಿತದ್ದು ಈಗ ಬೋಧನಾಭ್ಯಾಸದಲ್ಲಿ ದಿನವೂ ಬಳಕೆಗೆ ಬರುತ್ತಿದೆ. ಅದನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳಲು ಈ ಬರಹ.

ವರದಿಗೆಂದು ಕಚೇರಿಯಿಂದ ಒಂದು ನಮೂನೆ ಬರುತ್ತದೆ. ಕ್ರಮಸಂಖ್ಯೆ, ಕಾರ್ಯಕ್ರಮದ ಹೆಸರು, ದಿನಾಂಕ, ಯಾವ ಮಟ್ಟದ್ದು, ಭಾಗವಹಿಸಿದವರ ಸಂಖ್ಯೆ, ಬಹುಮಾನ, ಛಾಯಾಚಿತ್ರ. ನಮಗೆ ತುಂಬಲು ಸಾಕಷ್ಟಿತ್ತು. ಯುವಜನೋತ್ಸವದಲ್ಲಿ ಜನಪದ ನೃತ್ಯಕ್ಕೆ ಪ್ರಥಮ, ಮೂಕಾಭಿನಯಕ್ಕೆ ದ್ವಿತೀಯ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕದ 4 ಪ್ರದರ್ಶನಗಳು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೃತ್ಯರೂಪಕ ಮಾಡಿ 3 ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಡಿದ್ದು. ಪ್ರದರ್ಶಕ ಕಲೆಗಳ ವಿಷಯದಲ್ಲಿ ಇಬ್ಬರು ನೆಟ್ ಪಾಸಾಗಿದ್ದರು. ಒಟ್ಟು ಒಂದೂವರೆ ಪುಟವಾಯಿತು. ನೋಡಲು ಚೆನ್ನಾಗಿಯೇ ಇತ್ತು.

ಆದರೆ ಆ ವರ್ಷ ವರದಿಯ ಮೇಲೆ ಬಹಳಷ್ಟು ನಿಂತಿತ್ತು. ವಿಭಾಗದಲ್ಲಿ 20 ಸೀಟುಗಳಿದ್ದರೂ ನಮ್ಮ ತಂಡದಲ್ಲಿ ಇದ್ದದ್ದು 11 ಜನ. ಪ್ರವೇಶ ಕಡಿಮೆಯಿರುವ ಕೋರ್ಸುಗಳನ್ನು ಮುಂದುವರಿಸಬೇಕೇ ಬೇಡವೇ ಎಂದು ನೋಡಲು ವಿಶ್ವವಿದ್ಯಾಲಯ ಒಂದು ಸಮಿತಿ ಮಾಡಿತ್ತು. ಕೋರ್ಸು ನಿಂತರೆ ಅತಿಥಿ ಉಪನ್ಯಾಸಕರಿಗೆ ಕೆಲಸವಿಲ್ಲ. ನಮ್ಮ ಹಿಂದೆ ಬಂದಿದ್ದ ಮೊದಲ ವರ್ಷದವರನ್ನು ಬೇರೆಲ್ಲಿಗೆ ಕಳಿಸುವುದು ಎಂಬುದೂ ಯಾರಿಗೂ ತಿಳಿದಿರಲಿಲ್ಲ.

ನಮಗೆ ಅಭಿನಯ ಕಲಿಸುತ್ತಿದ್ದ ಮೇಷ್ಟ್ರು ಅಂಥ ಅತಿಥಿ ಉಪನ್ಯಾಸಕರಲ್ಲೊಬ್ಬರು. ಅವರ ಚೀಲದಲ್ಲಿ ಸದಾ ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಇರುತ್ತಿತ್ತು. ಅದನ್ನು ನಾವು ತಾಲೀಮು ಪುಸ್ತಕ ಎನ್ನುತ್ತಿದ್ದೆವು. ಪ್ರತಿ ವಿದ್ಯಾರ್ಥಿಗೂ ಅದರಲ್ಲಿ ಕೆಲವು ಪುಟಗಳು ಮೀಸಲು. ಜುಲೈನ ಮೊದಲ ವಾರ ಅವರು ಏನನ್ನೂ ಕಲಿಸುತ್ತಿರಲಿಲ್ಲ. ನಡೆಯಲು, ಓದಲು, ಸುಮ್ಮನೆ ನಿಲ್ಲಲು, ಒಂದು ವಸ್ತುವನ್ನು ಎತ್ತಿ ಇಡಲು ಹೇಳುತ್ತಿದ್ದರು. ಕಂಡದ್ದನ್ನು ಬರೆದುಕೊಳ್ಳುತ್ತಿದ್ದರು. ಆಮೇಲೆ ಸುಮಾರು ತಿಂಗಳಿಗೊಮ್ಮೆ ಮತ್ತೆ ಬರೆಯುತ್ತಿದ್ದರು.

ಅವರಿಗೆ ಒಂದೇ ನಿಯಮ: ಗುಣವಾಚಕ ಬರೆಯಕೂಡದು. “ಅಂಜುಬುರುಕ ಅಂತ ಬರೆದರೆ ಅದು ಹಣೆಪಟ್ಟಿ ಆಗ್ತದೆ, ಮುಂದೆ ನಮಗೆ ಅದೇ ಕಾಣ್ತದೆ. ದನಿ ಮೂರನೇ ಸಾಲಿಗೆ ತಲುಪಲಿಲ್ಲ ಅಂತ ಬರೆಯಿರಿ. ನಾಳೆ ತಲುಪಿದರೆ ಗೊತ್ತಾಗ್ತದೆ” ಎನ್ನುತ್ತಿದ್ದರು.

ಮೂವರ ಪುಟಗಳನ್ನು ಇಲ್ಲಿ ನೆನೆಯುತ್ತೇನೆ.

ಮೊದಲನೆಯವನು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದಿದ್ದ. ಅವನ ಅಜ್ಜ ದೊಡ್ಡಾಟದಲ್ಲಿ ವೇಷ ಹಾಕುತ್ತಿದ್ದವರು. ನಮ್ಮ ವಿಶ್ವವಿದ್ಯಾಲಯ ಇದ್ದದ್ದು ದಕ್ಷಿಣದ ಜಿಲ್ಲೆಯಲ್ಲಿ. ಹಾಸ್ಟೆಲಿನಲ್ಲಿ ಅವನ ಮಾತನ್ನು ಅಣಕಿಸಿ ನಗುವವರಿದ್ದರು, ಹಾಗಾಗಿ ಅವನು ಮಾತನ್ನೇ ಕಡಿಮೆ ಮಾಡಿದ್ದ. ಜುಲೈ ಪುಟದಲ್ಲಿ ಹೀಗಿತ್ತು: “ಓದುವಾಗ ತನ್ನ ಮಾತು ಬಿಟ್ಟು ಪುಸ್ತಕದ ಮಾತು ಆಡುತ್ತಾನೆ. ದನಿ ಮೂರನೇ ಸಾಲಿಗೆ ತಲುಪಲಿಲ್ಲ. ಮದ್ದಳೆ ಕೇಳಿದಾಗ ಮಾತ್ರ ಕಾಲು ಗಟ್ಟಿಯಾಗಿ ನೆಲಕ್ಕೆ ಬಿತ್ತು.” ಆ ವರ್ಷ ‘ಜೋಕುಮಾರಸ್ವಾಮಿ’ಯನ್ನು ಆರಿಸಿಕೊಳ್ಳಲು ಈ ಪುಟವೂ ಒಂದು ಕಾರಣ. 1972ರಲ್ಲಿ ಬಂದ ಆ ನಾಟಕ ಬಯಲಾಟದ ರೀತಿಯದು. ಸೂತ್ರಧಾರ, ಹಿಮ್ಮೇಳ, ಹಾಡು, ಕುಣಿತ ಎಲ್ಲವೂ ಇವೆ. ಭಾಷೆ ಉತ್ತರ ಕರ್ನಾಟಕದ ಆಡುಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಆ ಮಾತು ನಾಲಿಗೆಗೆ ಹತ್ತಲಿಲ್ಲ. ಅವನು ಮೊದಮೊದಲು ಸುಮ್ಮನೆ ಕೇಳುತ್ತಿದ್ದ. ಒಂದು ದಿನ ತಡೆಯಲಾರದೆ ಎದ್ದು ಬಂದ. “ಹಂಗಲ್ಲ. ಸಿಟ್ಟು ಬಂದಾಗ ಯಾರರ ಹಿಂಗ ಎಳದೆಳದ ಮಾತಾಡ್ತಾರೇನು?” ಎಂದು ತಾನೇ ಆಡಿ ತೋರಿಸಿದ. ಅಂದಿನಿಂದ ಸಂಜೆ ಹೊತ್ತು ನಮಗೆಲ್ಲ ಅವನೇ ಮಾತಿನ ಮೇಷ್ಟ್ರು. ಜನವರಿ ಪುಟದಲ್ಲಿ ಇದ್ದದ್ದು ಎರಡು ಸಾಲು: “ಐದು ಜನರಿಗೆ ಮಾತು ಕಲಿಸಿದ. ದನಿ ಕೊನೆಯ ಸಾಲಿಗೆ ಕೇಳಿತು, ನಾನು ಅಲ್ಲೇ ಕುಳಿತಿದ್ದೆ.”

ಎರಡನೆಯವಳು ಭರತನಾಟ್ಯದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ ಬಂದಿದ್ದಳು. ಅಡವುಗಳಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ರಂಗದ ಮೇಲೆ ನೀರು ಹೊತ್ತು ತರುವ ಹೆಂಗಸಾಗಿ ನಡೆಯಬೇಕಾದಾಗ ತೊಡಕಾಯಿತು. “ಪಾದ ಹೊರಕ್ಕೆ ತಿರುಗುತ್ತದೆ. ನಡಿಗೆಯಲ್ಲಿ ತಾಳ ಇದೆ. ಕೊಡ ಖಾಲಿ ಇರುವುದು ನೋಡುವವರಿಗೆ ಕಾಣುತ್ತದೆ” ಎಂದಿತ್ತು ಅವಳ ಪುಟ. ಮೇಷ್ಟ್ರು ಕೊಡಕ್ಕೆ ನಿಜವಾದ ನೀರು ತುಂಬಿಸಿ, ಹಾಸ್ಟೆಲಿನ ಹಿಂದಿನ ನಲ್ಲಿಯಿಂದ ರಂಗಮಂದಿರದವರೆಗೆ ಎರಡು ವಾರ ಹೊರಿಸಿದರು. ನೃತ್ಯದ ಮೇಡಂ ಆಕ್ಷೇಪಿಸಬಹುದು ಎಂದುಕೊಂಡಿದ್ದೆವು. ಅವರು ತಾವೇ ಬಂದು ನೋಡಿದರು. ಅಭಿನಯಕ್ಕೂ ಇದು ಬೇಕು, ಇಲ್ಲದ ಕೊಡವನ್ನು ತೋರಿಸುವ ಕೈಗೆ ಇದ್ದ ಕೊಡದ ಭಾರ ಗೊತ್ತಿರಬೇಕು ಎಂದರು. ಮಾರ್ಚ್‌ನಲ್ಲಿ ಅವಳು ತನ್ನ ಏಕವ್ಯಕ್ತಿ ನೃತ್ಯ ಮಾಡಿದಾಗ ಕೈಯಲ್ಲಿ ಏನೂ ಇರಲಿಲ್ಲ. ಮೇಷ್ಟ್ರು ಬರೆದದ್ದು ಎರಡೇ ಪದ: “ಕೊಡ ತುಂಬಿದೆ.”

ಮೂರನೆಯವನ ಹೆಸರು ಯಾವ ಬಹುಮಾನದ ಪಟ್ಟಿಯಲ್ಲೂ ಇಲ್ಲ. “ಹೆಸರು ಕರೆದರೆ ಎದ್ದು ನಿಂತ, ಉತ್ತರ ಬರಲಿಲ್ಲ. ತಾಲೀಮು ಮುಗಿದ ಮೇಲೆ ದೀಪದ ವೈರುಗಳನ್ನು ಯಾರೂ ಹೇಳದೆ ಸುತ್ತಿಟ್ಟ” ಎಂದಿತ್ತು ಜುಲೈ ಪುಟ. ಅವನಿಗೆ ಬೆಳಕಿನ ಹೊಣೆ ಸಿಕ್ಕಿತು. ‘ಕಿಂದರಿಜೋಗಿ’ ಆಡಲು ಒಂದು ಶಾಲೆಗೆ ಹೋದಾಗ ಮಧ್ಯಾಹ್ನ ಪ್ರದರ್ಶನದ ನಡುವೆ ಕರೆಂಟು ಹೋಯಿತು. ಇಲಿಗಳಾಗಿದ್ದ ನೃತ್ಯದ ವಿದ್ಯಾರ್ಥಿಗಳು ಕತ್ತಲಲ್ಲಿ ಹಾಗೇ ಕುಳಿತರು. ಅವನು ದೀಪದ ಬೋರ್ಡು ಬಿಟ್ಟು ಮುಂದೆ ಬಂದು, ಸುಮಾರು ಇನ್ನೂರು ಮಕ್ಕಳ ಎದುರು ನಿಂತು, ಎಡಗಡೆ ಸಾಲಿನವರು ಕಿಟಕಿ ತೆಗೆಯಿರಿ, ನಡುವಿನವರು ಎರಡು ಮಾರು ಹಿಂದೆ ಸರಿಯಿರಿ ಎಂದು ಹೇಳಿದ. ಕಿಟಕಿಯ ಬೆಳಕು ಬೀಳುವ ಕಡೆಗೆ ಆಟವನ್ನು ತಿರುಗಿಸಿದ. ಆಟ ಮುಂದುವರಿಯಿತು. ವರದಿಗೆ ಲಗತ್ತಿಸಿದ ಛಾಯಾಚಿತ್ರದಲ್ಲಿ ಇಲಿಗಳಿವೆ, ಜೋಗಿ ಇದ್ದಾನೆ, ಮಕ್ಕಳಿದ್ದಾರೆ. ಅವನಿಲ್ಲ.

ಸಮಿತಿ ಬಂದ ದಿನ ವಿದ್ಯಾರ್ಥಿ ಪ್ರತಿನಿಧಿಯೆಂದು ನನ್ನನ್ನೂ ಕರೆದಿದ್ದರು. ಮುಖ್ಯಸ್ಥರಾಗಿದ್ದ ಮೇಡಂ ಮೊದಲು ಆ ಒಂದೂವರೆ ಪುಟ ಓದಿದರು. ಸದಸ್ಯರೊಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: “ಇಂಥ ಬಹುಮಾನಗಳನ್ನು ಹವ್ಯಾಸಿ ತಂಡಗಳೂ ತರ್ತಾವಲ್ಲ ಮೇಡಂ. ಹನ್ನೊಂದು ವಿದ್ಯಾರ್ಥಿಗಳಿಗೆ ಒಂದು ವಿಭಾಗ ಯಾಕೆ ಬೇಕು?” ಮೇಡಂ ಆಗ ತಾಲೀಮು ಪುಸ್ತಕ ತೆಗೆದರು. ಆ ಮೂವರ ಒಪ್ಪಿಗೆಯನ್ನು ಹಿಂದಿನ ದಿನವೇ ಕೇಳಿಕೊಂಡಿದ್ದರು. ಹೆಸರು ಹೇಳದೆ, ಪ್ರತಿಯೊಬ್ಬರ ಮೊದಲ ಪುಟ ಮತ್ತು ಕೊನೆಯ ಪುಟ ಓದಿದರು, ಅಷ್ಟೆ. ಸದಸ್ಯರು, “ಇದು ಎಲ್ಲರಿಗೂ ಇದೆಯಾ?” ಎಂದರು. “ಹನ್ನೊಂದು ಜನರಿಗೂ ಇದೆ ಸರ್” ಎಂದು ಪುಸ್ತಕವನ್ನು ಅವರ ಮುಂದಿಟ್ಟರು. ಅವರು ಸುಮಾರು ಹೊತ್ತು ಪುಟ ತಿರುವಿದರು.

ಪುಸ್ತಕದಿಂದಲೇ ವಿಭಾಗ ಉಳಿಯಿತು ಎಂದು ನಾನು ಹೇಳಲಾರೆ. ಒಂದು ವರ್ಷ ಮುಂದುವರಿಸಿ, ಪ್ರವೇಶ ಹೆಚ್ಚಿಸಿ ಎಂದು ಸಮಿತಿ ಬರೆಯಿತು. ಒಂದೂವರೆ ಪುಟ ಉತ್ತರಿಸಲಾಗದ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರವಿತ್ತು ಎಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಬಹುಮಾನ ಒಬ್ಬ ವಿದ್ಯಾರ್ಥಿ ಎಲ್ಲಿಗೆ ತಲುಪಿದ ಎಂದು ಹೇಳುತ್ತದೆ. ಎಲ್ಲಿಂದ ಹೊರಟ ಎಂದು ಹೇಳುವುದಿಲ್ಲ. ಹೊರಟ ಜಾಗ ತಿಳಿಯದಿದ್ದರೆ ಆ ನಡುವಿನ ದಾರಿಯಲ್ಲಿ ಶಿಕ್ಷಕರ ಪಾಲು ಎಷ್ಟು ಎಂದೂ ತಿಳಿಯುವುದಿಲ್ಲ.

ಗುರುವಿನ ಮನೆಯಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಇದಕ್ಕೆ ಪುಸ್ತಕ ಬೇಕಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ನೃತ್ಯ ವಿಭಾಗ ತೆರೆದಾಗ ರೀಡರ್ ಆಗಿ ಬಂದವರು ಕೆ. ವೆಂಕಟಲಕ್ಷಮ್ಮ. ಅವರು ಚಿಕ್ಕ ವಯಸ್ಸಿನಲ್ಲೇ ಜಟ್ಟಿ ತಾಯಮ್ಮನವರ ಬಳಿ ಕಲಿತವರು. ಹಾಗೆ ವರ್ಷಗಟ್ಟಲೆ ಕಣ್ಣೆದುರು ಕಲಿತ ಶಿಷ್ಯೆಯ ಮೊದಲ ಹೆಜ್ಜೆ ಗುರುವಿನ ನೆನಪಿನಲ್ಲೇ ಇರುತ್ತದೆ. ಎರಡು ವರ್ಷದ ಕೋರ್ಸು, ಬದಲಾಗುವ ಉಪನ್ಯಾಸಕರು, ಸೆಮಿಸ್ಟರಿಗೊಂದು ಅಂಕಪಟ್ಟಿ ಇರುವ ಕಡೆ ಆ ನೆನಪನ್ನು ಬರೆದೇ ಇಡಬೇಕಾಗುತ್ತದೆ.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಎಡ್. ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿದವು; ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಎಂಬುದನ್ನು ಪಠ್ಯಕ್ರಮದೊಳಗೆ ತಂದವು. ಆ ಪತ್ರಿಕೆಯ ಚಟುವಟಿಕೆಗಳಲ್ಲಿ ನಾವು ಬೀದಿನಾಟಕ ಆಡುತ್ತೇವೆ, ಮುಖವಾಡ ಮಾಡುತ್ತೇವೆ, ಫೋಟೊ ತೆಗೆದು ಕಡತಕ್ಕೆ ಅಂಟಿಸುತ್ತೇವೆ. ಅದೆಲ್ಲ ಇರಲಿ. ರಂಗಭೂಮಿಯಿಂದ ಶಿಕ್ಷಕರು ತರಬೇಕಾದ ಮುಖ್ಯ ವಸ್ತು ನನ್ನ ಮಟ್ಟಿಗೆ ಆ ತಾಲೀಮು ಪುಸ್ತಕ.

ನಮ್ಮ ಪಾಠಯೋಜನೆಯಲ್ಲಿ ಅದಕ್ಕೆ ಜಾಗ ಆಗಲೇ ಇದೆ. ಪೂರ್ವಜ್ಞಾನ ಎಂಬ ಅಂಕಣ ಎಲ್ಲರಿಗೂ ಗೊತ್ತು. “ವಿದ್ಯಾರ್ಥಿಗಳಿಗೆ ಈ ವಿಷಯದ ಬಗ್ಗೆ ಸಾಮಾನ್ಯ ತಿಳಿವಳಿಕೆ ಇದೆ” ಎಂಬ ಸಾಲು ಎಷ್ಟು ಪಾಠಯೋಜನೆಗಳಲ್ಲಿ ಹಾಗೆಯೇ ಮುಂದುವರಿಯುತ್ತದೆ ಎಂಬುದೂ ಗೊತ್ತು. ಆ ಸಾಲಿನಿಂದ ಯಾವ ಮಗುವೂ ಹೊರಟಿರುವುದಿಲ್ಲ. ಹಾಗಾಗಿ ಪಾಠದ ಕೊನೆಗೆ ಮಗು ಎಷ್ಟು ದೂರ ಬಂತು ಎಂದು ನಮಗೂ ಮಾರ್ಗದರ್ಶಕರಿಗೂ ಕಾಣುವುದಿಲ್ಲ. ವೀಕ್ಷಣಾ ಪುಸ್ತಕದಲ್ಲಿ ನಮ್ಮ ದನಿ, ನಮ್ಮ ಕಪ್ಪುಹಲಗೆ, ನಮ್ಮ ಚಲನವಲನ ಇವಕ್ಕೇ ಅಂಕ ಬೀಳುತ್ತದೆ.

ಹನ್ನೊಂದು ಜನರಿಗೆ ಬರೆದಂತೆ ಐವತ್ತು ಮಕ್ಕಳಿಗೆ ಬರೆಯಲಾಗದು ಎಂದು ಗೆಳೆಯರು ಹೇಳುತ್ತಾರೆ. ನಿಜ. ನನಗೆ ಕೊಟ್ಟ ಎಂಟನೆಯ ತರಗತಿಯಲ್ಲಿ 46 ಮಕ್ಕಳಿದ್ದಾರೆ. ನಾನು ದಿನಕ್ಕೆ ಐದು ಮಕ್ಕಳನ್ನು ಮಾತ್ರ ನೋಡುತ್ತೇನೆ. ಒಬ್ಬೊಬ್ಬರಿಗೆ ಎರಡು ಸಾಲು, ಕಂಡದ್ದು ಮತ್ತು ಕೇಳಿದ್ದು ಮಾತ್ರ. ಬಿಡುವಿನ ಅವಧಿಯಲ್ಲಿ ಹತ್ತು ನಿಮಿಷದ ಕೆಲಸ. ಎರಡು ವಾರಕ್ಕೆ ಇಡೀ ತರಗತಿ ಒಂದು ಸುತ್ತು ಮುಗಿಯುತ್ತದೆ. ಪುಸ್ತಕವನ್ನು ಶಿಕ್ಷಕರ ಕೊಠಡಿಯ ಮೇಜಿನ ಮೇಲೆ ಬಿಡುವುದಿಲ್ಲ. ಒಂದು ಮಗುವಿನ ಸಾಲನ್ನು ಇನ್ನೊಂದು ಮಗುವಿನ ಮುಂದೆ ಓದುವುದಿಲ್ಲ.

ಮೊದಲ ಸುತ್ತಿನಲ್ಲಿ ಒಬ್ಬ ಹುಡುಗಿಯ ಬಗ್ಗೆ ಹೀಗೆ ಬರೆದಿದ್ದೇನೆ: “ಗದ್ಯ ಓದುವಾಗ ಪೂರ್ಣವಿರಾಮದಲ್ಲಿ ನಿಲ್ಲಲಿಲ್ಲ, ಉಸಿರು ಮುಗಿದಲ್ಲಿ ನಿಂತಳು. ಪಕ್ಕದವಳಿಗೆ ಅದೇ ಕಥೆಯನ್ನು ಹೇಳುವಾಗ ಸರಿಯಾದ ಜಾಗದಲ್ಲಿ ನಿಂತಳು.” ಎರಡನೆಯ ಸುತ್ತು ಬರುವ ಸೋಮವಾರ ಶುರುವಾಗುತ್ತದೆ. ಆ ದಿನದ ಪಾಠಯೋಜನೆಯ ಪೂರ್ವಜ್ಞಾನದ ಅಂಕಣದಲ್ಲಿ ಈ ಎರಡು ವಾಕ್ಯಗಳನ್ನೇ ಬರೆದು ಮಾರ್ಗದರ್ಶಕರ ಸಹಿಗೆ ಕೊಟ್ಟಿದ್ದೇನೆ. ಓದುವ ಮೊದಲು ಅವಳಿಂದ ಕಥೆ ಹೇಳಿಸಬೇಕು ಎಂಬುದು ಚಟುವಟಿಕೆಯ ಅಂಕಣದಲ್ಲಿದೆ.