ಬೆಲ್ಲ ಬೇಡದ ಗಿರಾಕಿ

ಕಿಕ್ಕೇರಿಯ ಅಂಗಡಿಬೀದಿಯಲ್ಲಿ ಒಂದು ಕಾಲಕ್ಕೆ ವ್ಯಾಪಾರದ ಜಾಮೀನೆಂದರೆ ಮುಖಪರಿಚಯ. ಯಾರ ಮಗ, ಯಾವ ಊರು ಎಂದು ಗೊತ್ತಿದ್ದರೆ ಉದ್ರಿ ಪುಸ್ತಕದಲ್ಲಿ ಹೆಸರು ಬೀಳುತ್ತಿತ್ತು. ಕಬ್ಬಿನ ದುಡ್ಡು ಬಂದಾಗ ಅದರ ಮೇಲೆ ಗೀಟು. 2016ರ ನೋಟು ರದ್ದತಿಯ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕ ಕ್ಯೂಆರ್ ಕೋಡ್ ಬಂತು, ಆಮೇಲೆ ದುಡ್ಡು ಬಿದ್ದದ್ದನ್ನು ಕೂಗಿ ಹೇಳುವ ಡಬ್ಬಿ. ಈಗ ಮಂಡ್ಯ ಸೀಮೆಯ ಆಲೆಮನೆ ಬೆಲ್ಲ ಆನ್‌ಲೈನ್ ಅಂಗಡಿಗಳಲ್ಲೂ ಸಿಗುತ್ತದೆ. ಅಲ್ಲಿಗೆ ಬರುವ ಎಲ್ಲರಿಗೂ ಬೆಲ್ಲ ಬೇಕಿರುವುದಿಲ್ಲ.

ಕದ್ದ ಕಾರ್ಡ್ ಸಂಖ್ಯೆಗಳ ರಾಶಿ ಇಟ್ಟುಕೊಂಡವನಿಗೆ ಅವುಗಳಲ್ಲಿ ಯಾವುದು ಇನ್ನೂ ಚಾಲ್ತಿಯಲ್ಲಿದೆ ಎಂಬುದಷ್ಟೇ ತಿಳಿಯಬೇಕು. ಅವನ ತಂತ್ರಾಂಶ ಅಗ್ಗದ ಸಾಮಾನೊಂದನ್ನು ಆರಿಸಿ, ಪಾವತಿ ಪುಟದಲ್ಲಿ ಸಂಖ್ಯೆಯ ಮೇಲೆ ಸಂಖ್ಯೆ ತುಂಬುತ್ತಲೇ ಹೋಗುತ್ತದೆ. ಪಾಸಾದ ಕಾರ್ಡು ಬೇರೆಲ್ಲೋ ದೊಡ್ಡ ಮೊತ್ತಕ್ಕೆ ಬಳಕೆಯಾಗುತ್ತದೆ. "ನಮ್ಮ ಸಣ್ಣ ಅಂಗಡಿಯಲ್ಲಿ ಕದಿಯೋಕೆ ಏನೈತೆ?" ಎನ್ನುವ ವಾದ ಇಲ್ಲಿ ನಿಲ್ಲದು; ಕಾವಲಿಲ್ಲದ ಸಣ್ಣ ಅಂಗಡಿಯೇ ಅವನಿಗೆ ಅನುಕೂಲ. ಕಾರ್ಡಿನ ಒಡೆಯ ತಕರಾರು ತೆಗೆದರೆ ಹಣ ವಾಪಸ್ಸು, ಮೇಲೆ ಶುಲ್ಕ. ಅತಿಯಾದರೆ, ಪಾವತಿಯನ್ನು ದಾಟಿಸಿಕೊಡುವ ಪೇಮೆಂಟ್ ಗೇಟ್‌ವೇ ಅಂಗಡಿಯ ಖಾತೆಯನ್ನೇ ತಡೆಹಿಡಿಯಬಹುದು.

ಒಟಿಪಿ ಇರುವಾಗ ಭಯವೇಕೆ ಎನ್ನುವವರಿದ್ದಾರೆ. ಕಾರ್ಡಿನ ಆನ್‌ಲೈನ್ ಪಾವತಿಗೆ ಎರಡನೇ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಎರಡೂ ಗಟ್ಟಿ ಬೇಲಿಗಳೇ. ಆದರೆ ಹೊರದೇಶದ ಬ್ಯಾಂಕುಗಳ ಎಷ್ಟೋ ಕಾರ್ಡುಗಳು ಒಟಿಪಿ ಇಲ್ಲದೆಯೇ ನಡೆಯುತ್ತವೆ. ಪರದೇಶಕ್ಕೆ ಬೆಲ್ಲ ಕಳಿಸದ ಅಂಗಡಿಗೆ ಆ ಬಾಗಿಲು ಯಾಕೆ ಬೇಕು? ಗೇಟ್‌ವೇಗೆ ಹೇಳಿ ಮುಚ್ಚಿಸಬಹುದು. ಪಾವತಿ ಸೋತಾಗ "ಸಿವಿವಿ ತಪ್ಪು", "ಅವಧಿ ಮುಗಿದಿದೆ" ಎಂದು ಬಿಡಿಸಿ ಹೇಳುವುದೂ ಕಳ್ಳನಿಗೆ ದಾರಿ ತೋರಿಸಿದಂತೆಯೇ. "ಪಾವತಿ ಆಗಲಿಲ್ಲ" ಎಂದರೆ ಸಾಕು.

ಎದುರಿಗಿರುವುದು ಮನುಷ್ಯನೋ ತಂತ್ರಾಂಶವೋ ಎಂದು ಪರೀಕ್ಷಿಸುವ ಕ್ಯಾಪ್ಚಾ ಹಾಕಿದರೆ ಗಿರಾಕಿಗೆ ಕಿರಿಕಿರಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾಗಿ ಎರಡು ಮೂರು ಸಲ ಸೋತವರಿಗೆ ಮಾತ್ರ ಅದು ಎದುರಾಗಲಿ. ಯುಪಿಐನಲ್ಲಿ ಕೊಡುವವರಿಗೆ ಅದರ ಗೋಜೇ ಬೇಡ. ಐಪಿ ವಿಳಾಸ ತಡೆದರೆ ಆಯಿತೆಂದು ಕೂರುವಂತಿಲ್ಲ, ತಂತ್ರಾಂಶ ಅದನ್ನು ಗಳಿಗೆಗೊಮ್ಮೆ ಬದಲಿಸುತ್ತದೆ. ಇಡೀ ಅಂಗಡಿಯಲ್ಲಿ ಗಂಟೆಗೆ ಎಷ್ಟು ಪಾವತಿ ಸೋತವು ಎಂಬ ಲೆಕ್ಕ ಹೆಚ್ಚು ನಂಬಿಕೆಯದು. ಇಷ್ಟೆಲ್ಲ ಬೆಲ್ಲ ಮಾರುವವರೇ ಮಾಡಬೇಕೆ? ನನ್ನ ಮಟ್ಟಿಗೆ, ಸಾವಿರಾರು ಅಂಗಡಿಗಳನ್ನು ಒಟ್ಟಿಗೆ ಕಾಣುವ ಗೇಟ್‌ವೇಗಳು ಕೇಳದೆಯೇ ಈ ಕಾವಲು ಹಾಕಿಕೊಡಬೇಕು. ಅಲ್ಲಿಯವರೆಗೆ ಅಂಗಡಿಯವರು ಬೆಳಿಗ್ಗೆ ಸೋತ ಪಾವತಿಗಳ ಪಟ್ಟಿ ನೋಡಿ, ನಡುವೆ ನುಸುಳಿ ಗೆದ್ದ ಚಿಲ್ಲರೆ ಮೊತ್ತವನ್ನು ತಕರಾರು ಬರುವ ಮುಂಚೆಯೇ ಹಿಂತಿರುಗಿಸುವುದು ಲೇಸು.