ಮೂಲೆ ಸೀಟಿನ ಸ್ಕೌಟ್

ಮಗಳ ಮನೆಗೆಂದು ಕೆನಡಾಕ್ಕೆ ಹೋದವನು ಚಳಿಗೆ ಹೆದರಿ ಒಳಗೇ ಕೂತಿದ್ದೆ. ಜನವರಿಯ ಒಂದು ಶುಕ್ರವಾರ ಸಂಜೆ ಹನ್ನೊಂದು ವರ್ಷದ ಮೊಮ್ಮಗ ಬಂದು, "ತಾತ, ನೀನು ಹಾಕಿ ಮೇಷ್ಟ್ರು ತಾನೇ? ಬಾ, ನಿಜವಾದ ಹಾಕಿ ತೋರಿಸ್ತೀನಿ" ಎಂದ. ಕೊಡಗಿನಲ್ಲಿ 28 ವರ್ಷ ಹುಡುಗರಿಗೆ ಹಾಕಿ ಕಲಿಸಿದವನಿಗೆ ಆ 'ನಿಜವಾದ' ಎಂಬ ಮಾತು ಸ್ವಲ್ಪ ಚುಚ್ಚಿತು. ಆದರೂ ಎರಡು ಸ್ವೆಟರ್ ಏರಿಸಿಕೊಂಡು ಹೊರಟೆ.

ಅದು ಒಂಟಾರಿಯೊ ಪ್ರಾಂತ್ಯದ ಕಿಚನರ್ ಎಂಬ ಊರು. ಅಲ್ಲಿನ ಮೆಮೊರಿಯಲ್ ಆಡಿಟೋರಿಯಂನಲ್ಲಿ ಹದಿಹರೆಯದ ಹುಡುಗರ ಲೀಗ್ ಪಂದ್ಯ. ಮಂಜುಗಡ್ಡೆಯ ಮೇಲೆ ಆಟ. ಚೆಂಡಿನ ಬದಲು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರ್ ಬಿಲ್ಲೆ. ಅದಕ್ಕೆ ಪಕ್ ಅನ್ನುತ್ತಾರೆ. ಮೊದಲ ಹತ್ತು ನಿಮಿಷ ಅದು ಎಲ್ಲಿದೆ ಎಂದೇ ನನಗೆ ತಿಳಿಯಲಿಲ್ಲ. ಒಬ್ಬೊಬ್ಬ ಆಟಗಾರ ಮುಕ್ಕಾಲು ನಿಮಿಷ ಜೀವ ಬಿಟ್ಟು ಆಡಿ, ಆಟ ನಡೆಯುತ್ತಿರುವಾಗಲೇ ಬೇಲಿ ಹಾರಿ ಬೆಂಚಿಗೆ ಬರುತ್ತಾನೆ. ಅವನ ಜಾಗಕ್ಕೆ ಇನ್ನೊಬ್ಬ ಹಾರುತ್ತಾನೆ.

ನನ್ನ ಪಕ್ಕದ ಮೂಲೆ ಸೀಟಿನಲ್ಲಿ ಅರವತ್ತು ದಾಟಿದ ಒಬ್ಬರು ಕೂತಿದ್ದರು. ಒಂದು ಕೈಯಲ್ಲಿ ಕಾಫಿ, ತೊಡೆಯ ಮೇಲೆ ಪುಟ್ಟ ನೋಟ್‌ಬುಕ್. ಗೋಲಾದಾಗ ಇಡೀ ಸಭಾಂಗಣ ಎದ್ದು ಕೂಗಿದರೂ ಅವರು ಬೇರೆಲ್ಲೋ ನೋಡುತ್ತಿದ್ದರು. "ಅವರು ಸ್ಕೌಟ್, ತಾತ" ಎಂದು ಮೊಮ್ಮಗ ಕಿವಿಯಲ್ಲಿ ಹೇಳಿದ. ಕೊರಳಿಗೆ ಸ್ಕಾರ್ಫ್ ಕಟ್ಟಿ ಡೇರೆ ಹಾಕುವ ನಮ್ಮ ಶಾಲೆಯ ಸ್ಕೌಟ್ ಅಲ್ಲ. ಊರೂರು ಸುತ್ತಿ, ದೊಡ್ಡ ತಂಡಗಳಿಗೆ ಎಳೆಯ ಆಟಗಾರರನ್ನು ಹುಡುಕಿಕೊಡುವವರು.

ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ 32 ತಂಡಗಳಿವೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜೂನ್ ಕೊನೆಗೆ, ಸರದಿಯ ಮೇಲೆ ಹೊಸ ಹುಡುಗರ ಹೆಸರು ಕೂಗುತ್ತಾರೆ. ಇದೇ ಡ್ರಾಫ್ಟ್. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಸಲ ನಡೆದಾಗ ಆರಿಸಿದ್ದು 21 ಹುಡುಗರನ್ನು. ಈಗ ಏಳು ಸುತ್ತು, 224 ಹೆಸರು. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಿರಬೇಕು. ಹದಿನಾರನೇ ತಾರೀಖು ಹುಟ್ಟಿದವನು ಇನ್ನೊಂದು ವರ್ಷ ಕಾಯಬೇಕು.

ವಿರಾಮದಲ್ಲಿ ನಾನೂ ಹಾಕಿ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡೆ. ಯಾವ ತಂಡದ ಕೆಲಸ ಎಂಬುದನ್ನು ಮಾತ್ರ ಅವರು ಕೊನೆಗೂ ಹೇಳಲಿಲ್ಲ. ನೋಡಲು ಬಂದದ್ದು ಎದುರು ತಂಡದ 22ನೇ ನಂಬರಿನ ಫಾರ್ವರ್ಡ್‌ನನ್ನು. ಕಡ್ಡಿಯಂಥ ಹುಡುಗ, ದೊಡ್ಡವರ ಅಂಗಿ ತೊಟ್ಟವನಂತೆ ಕಾಣುತ್ತಿದ್ದ. "ಅವನು ವೇಸ್ಟ್ ತಾತ, ಒಂದು ಗೋಲೂ ಹೊಡೆದಿಲ್ಲ" ಎಂದು ಮೊಮ್ಮಗ ತೀರ್ಪು ಕೊಟ್ಟ.

ಆ ಹಿರಿಯರು ನಕ್ಕರು. "ಗೋಲು ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ಪಕ್ ಇಲ್ಲದಾಗ ಅವನನ್ನು ನೋಡಿ" ಎಂದರು.

ನೋಡಿದೆ. ಪಾಸ್ ಬರುವ ಮೊದಲೇ ಹುಡುಗ ಹೆಗಲ ಮೇಲಿಂದ ಒಮ್ಮೆ ಹಿಂದೆ ಕಣ್ಣಾಡಿಸುತ್ತಿದ್ದ. ಪಕ್ ಕೋಲಿಗೆ ತಾಗುವಾಗ ಮುಂದೆ ಎಲ್ಲಿಗೆ ಕೊಡಬೇಕೆಂಬುದು ಅವನಿಗೆ ಆಗಲೇ ಗೊತ್ತಿರುತ್ತಿತ್ತು. ಬೆಂಚಿನಲ್ಲಿ ಕೋಚ್ ಬೈದರೆ ತಲೆ ತಗ್ಗಿಸದೆ ಮುಖ ನೋಡಿ ಕೇಳಿಸಿಕೊಳ್ಳುತ್ತಿದ್ದ. ಮೂರನೆಯ ಅವಧಿಯಲ್ಲಿ ಎದುರಾಳಿಯ ಗೋಲಿನ ಹತ್ತಿರ ಪಕ್ ಕಳೆದುಕೊಂಡ. ಜನ ಗೇಲಿ ಮಾಡಿದರು. ಅವನು ಅಂಗಣದ ಉದ್ದಕ್ಕೂ ಬೆನ್ನಟ್ಟಿ ಬಂದು, ಎದುರಾಳಿ ಹೊಡೆಯುವ ಗಳಿಗೆಯಲ್ಲಿ ಹಿಂದಿನಿಂದ ಅವನ ಕೋಲನ್ನು ಮೆಲ್ಲಗೆ ಎತ್ತಿಬಿಟ್ಟ. ಗೋಲಾಗಲಿಲ್ಲ. ಆಗದ ಗೋಲಿಗೆ ಚಪ್ಪಾಳೆ ಯಾರು ಹೊಡೆಯುತ್ತಾರೆ? ನೋಟ್‌ಬುಕ್ಕಿನಲ್ಲಿ ಮಾತ್ರ ಪೆನ್ಸಿಲ್ ಓಡಿತು.

"ಆಟ ಸರಿ, ಆದರೆ ಗಿಡ್ಡ ಅಲ್ಲವೇ?" ಎಂದೆ.

"ಐದು ಅಡಿ ಒಂಬತ್ತು ಇಂಚು. ಅಲ್ಲಿ ಐದನೇ ಸಾಲಿನಲ್ಲಿ ಕೂತಿರುವವರು ಅವನ ಅಪ್ಪ. ಎದ್ದು ನಿಂತಾಗ ನೋಡಿ. ಹುಡುಗ ಹುಟ್ಟಿದ್ದು ಸೆಪ್ಟೆಂಬರ್ ಮೊದಲ ವಾರ. ಈ ಗುಂಪಿನಲ್ಲಿ ಕೆಲವರು ಅವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವರು. ನಾನು ನೋಡುತ್ತಿರುವುದು ಇವತ್ತಿನ ಇವನನ್ನಲ್ಲ, ಇಪ್ಪತ್ತನಾಲ್ಕು ತುಂಬಿದ ಇವನನ್ನು."

ಆ ಅಪ್ಪ ಎದ್ದು ನಿಂತರು. ಆರಡಿಯ ಮೇಲಿದ್ದರು.

ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಎಷ್ಟೋ ವರ್ಷದ ಹಿಂದೆ ತಂಡಕ್ಕೆ ಹುಡುಗರನ್ನು ಆರಿಸುವಾಗ ಗೋಡೆಗೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ಅದಕ್ಕೆ ತಲೆ ತಾಗದವರು ಹಿಂದೆ. ಒಬ್ಬ ಪುಟ್ಟ ಫಾರ್ವರ್ಡ್ ಇದ್ದ. ಕೋಲಿಗೆ ಚೆಂಡು ಅಂಟಿಸಿಕೊಂಡವನಂತೆ ಓಡುತ್ತಿದ್ದ. "ಮುಂದಿನ ವರ್ಷ ಬಾರೋ" ಎಂದು ಕಳಿಸಿದೆ. ಮುಂದಿನ ವರ್ಷ ಅವನು ಕಾಫಿ ತೋಟದ ಕೆಲಸಕ್ಕೆ ಸೇರಿದ್ದ. ಆಮೇಲೊಂದು ದಿನ ಮಡಿಕೇರಿ ಬಸ್ ನಿಲ್ದಾಣದಲ್ಲಿ ಯಾರೋ "ನಮಸ್ಕಾರ ಸಾರ್" ಎಂದರು. ಮುಖ ಗುರುತಿಸಲು ನಾನು ತಲೆ ಎತ್ತಬೇಕಾಯಿತು. ನನ್ನ ಚೀಲವನ್ನು ಬಸ್ಸಿನೊಳಗೆ ಇಟ್ಟುಕೊಟ್ಟು ಹೋದ. ಹಾಕಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇದನ್ನು ಆ ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ರಷ್ಯಾದ ಪಾವೆಲ್ ದತ್ಸ್ಯುಕ್‌ನ ಹೆಸರು ತೆಗೆದರು. ಅವನೂ ಸಣ್ಣ ಆಳು. ಎರಡು ಡ್ರಾಫ್ಟ್‌ಗಳಲ್ಲಿ ಯಾರೂ ಅವನನ್ನು ಕರೆಯಲಿಲ್ಲ. ಡೆಟ್ರಾಯಿಟ್ ತಂಡದ ಸ್ವೀಡನ್ ದೇಶದ ಸ್ಕೌಟ್ ಹಾಕನ್ ಆಂಡರ್ಸನ್ ಅವನನ್ನು ಕಂಡು ಪಟ್ಟು ಹಿಡಿದದ್ದರಿಂದ 1998ರಲ್ಲಿ 171ನೆಯವನಾಗಿ ಆಯ್ಕೆಯಾದ. ಮುಂದೆ ಎರಡು ಬಾರಿ ಸ್ಟಾನ್ಲಿ ಕಪ್ ಎತ್ತಿದ. "ಅವನಿಗಿಂತ ಮೊದಲು 170 ಹೆಸರು ಕೂಗಿದರಲ್ಲ, ಅದರಲ್ಲಿ ನಾವು ಕೂಗಿದವೂ ಇದ್ದವು" ಎಂದು ನೋಟ್‌ಬುಕ್ ಮುಚ್ಚಿದರು.

ಮಾರ್ಚ್‌ನಲ್ಲಿ ಊರಿಗೆ ಮರಳಿದೆ. ಜೂನ್ ಕೊನೆಯ ಒಂದು ನಡುರಾತ್ರಿ ಫೋನ್ ಬಡಿದುಕೊಂಡಿತು. ನನ್ನಾಕೆ ಏನು ಕೆಟ್ಟ ಸುದ್ದಿಯೋ ಎಂದು ಗಾಬರಿಯಿಂದ ಎದ್ದು ದೀಪ ಹಾಕಿದಳು.

"ತಾತ! ನಮ್ಮ 22ನೇ ನಂಬರ್! ಆರನೇ ಸುತ್ತಲ್ಲಿ ತಗೊಂಡ್ರು!"

ನಾನು ಹಾಸಿಗೆಯಲ್ಲಿ ಎದ್ದು ಕೂತೆ. "ಈಗ ಎತ್ತರ ಎಷ್ಟಂತೆ ನೋಡೋ" ಎಂದೆ.

ಆ ಕಡೆ ಏನನ್ನೋ ಒತ್ತುವ ಸದ್ದು. "ಐದು ಅಡಿ ಹತ್ತು ಇಂಚು ಅಂತ ಇದೆ, ತಾತ."